ನಮ್ಮ ಸಂಘದ ಸರ್ವರ್ ಪೆಟ್ಟಿಗೆಯ ಆಡಳಿತ ಮತ್ತು ಸಂರಕ್ಷಣೆ

(ಬೆಳ್ಳಿಹಬ್ಬದ ಅಂಗವಾಗಿ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲೂಕುಗಳ ಸಹಕಾರ ಸಂಘಗಳ ನಿರ್ದೇಶಕರಿಗೆ ಹಾಗೂ ಸಿಬ್ಬಂದಿಗೆ ಏರ್ಪಡಿಸಿದ್ದ ಶಿಬಿರದಲ್ಲಿ ನಮ್ಮ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘದ ಕಂಪ್ಯೂಟರನ್ನು ಹೇಗೆ ನೋಡಿಕೊಳ್ಳಬೇಕು ಎಂಬುದರ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಅಧ್ಯಕ್ಷರು ಅಪ್ಪಣೆ ಮಾಡಿದಾಗ, "ನಾವು ನೆಲ್ಲು ಬೆಳೆಯೋ ಮಂದಿ, ಓದಿದ್ದು ಎಸ್.ಎಸ್.ಎಲ್.ಸಿ., ಯಾರಾದರೂ ಇಂಜಿನಿಯರ್‌ನ ಕರೆಸ್ರಿ" ಎಂದೆವು. ಅದಕ್ಕೆ ಅವರು, "ಇಂಜಿನಿಯರ್ ಬಂದು ಹೇಳಿದ್ರ ಇಂಜಿನಿಯರ್‌ಗೇ ತಿಳೀತೈತಿ, ನೀವು ಹೇಳಿದ್ರ ನಮಗ ತಿಳೀತೈತಿ" ಎಂದು ಬಾಯಿ ಮುಚ್ಚಿಸಿದರು. ಕಳೆದ ಆರು ವರ್ಷಗಳಿಂದ ನಮ್ಮ ಸಂಘದ ಪೆಟ್ಟಿಗೆಯ ಉಸ್ತುವಾರಿ ನಮ್ಮ ಪಾಲಿಗೆ ಬಂದಿದೆ. ಅದರಲ್ಲಿ ಕಂಡದ್ದನ್ನಷ್ಟೇ ಇಲ್ಲಿ ಹೇಳುತ್ತೇವೆ. ದೊಡ್ಡ ಮಾತುಗಳೇನೂ ಇಲ್ಲ.

ಸಹಕಾರಿಗಳಿಗೆ ಲೆಕ್ಕವೇ ಪ್ರಾಣ. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದ ದಿನದಿಂದಲೂ ಸಂಘವೆಂದರೆ ಒಂದು ಕಿರ್ದಿ, ಒಂದು ಖತಾವಣಿ, ಒಂದು ಠರಾವು ಪುಸ್ತಕ. ನಮ್ಮ ಸಂಘ ಶುರುವಾದಾಗಲೂ ಅಷ್ಟೇ ಇತ್ತು. ಕಬ್ಬಿಣದ ಟ್ರಂಕು, ಅದರ ಮೇಲೆ ಕುಳಿತ ಕಾರ್ಯದರ್ಶಿ. ಇಲಿ ಬಾರದಂತೆ, ಗೆದ್ದಲು ಹತ್ತದಂತೆ ವರ್ಷಕ್ಕೊಮ್ಮೆ ಪುಸ್ತಕಗಳನ್ನು ಬಿಸಿಲಿಗೆ ಹಾಕುತ್ತಿದ್ದೆವು. ಆ ಟ್ರಂಕಿನ ಜಾಗಕ್ಕೆ ಈಗ ಪೆಟ್ಟಿಗೆ ಬಂದಿದೆ. ಆದರೆ ಬಿಸಿಲಿಗೆ ಹಾಕುವ ಪದ್ಧತಿ ಮಾತ್ರ ಬಿಟ್ಟುಹೋಗಿದೆ. ನಮ್ಮ ಇವತ್ತಿನ ಮಾತೆಲ್ಲ ಇದರ ಬಗ್ಗೆಯೇ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. 2022ರ ಜೂನ್ ತಿಂಗಳಲ್ಲಿ ಕೇಂದ್ರ ಸಚಿವ ಸಂಪುಟವು 2,516 ಕೋಟಿ ರೂಪಾಯಿ ವೆಚ್ಚದಲ್ಲಿ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ಕೊಟ್ಟಿತು. ಆ ಯೋಜನೆಯ ತಂತ್ರಾಂಶ ಕುಳಿತಿರುವುದು ದೂರದ ಸರ್ವರ್‌ನಲ್ಲಿ. ನಮ್ಮ ಗುಮಾಸ್ತರು ಇಂಟರ್‌ನೆಟ್ ಮೂಲಕ ಅದನ್ನು ತೆರೆದು ಸಾಲದ ಲೆಕ್ಕ ಬರೆಯುತ್ತಾರೆ. ಅದರ ಯೋಗಕ್ಷೇಮ ನಮ್ಮ ಕೈಯಲ್ಲಿಲ್ಲ. ಆದರೆ ಗೊಬ್ಬರದ ದಾಸ್ತಾನು, ಬೀಜದ ಮಾರಾಟ, ಟ್ರ್ಯಾಕ್ಟರ್ ಬಾಡಿಗೆ, ಗೋದಾಮಿನಲ್ಲಿಟ್ಟ ನೆಲ್ಲಿನ ಚೀಲದ ರಸೀದಿ, ಸದಸ್ಯರ ಪಿಗ್ಮಿ ಉಳಿತಾಯ, ಹಳೆಯ ವರ್ಷಗಳ ಷೇರು ಮತ್ತು ಸಾಲದ ಪಟ್ಟಿ, ಇವೆಲ್ಲ ಇರುವುದು ನಮ್ಮ ಕಚೇರಿಯ ಮೂಲೆಯಲ್ಲಿರುವ ನಮ್ಮದೇ ಪೆಟ್ಟಿಗೆಯಲ್ಲಿ. ಮೂರು ಟೇಬಲ್‌ಗಳ ಕಂಪ್ಯೂಟರ್‌ಗಳು ಆ ಒಂದು ಪೆಟ್ಟಿಗೆಯಿಂದ ಲೆಕ್ಕ ತೆಗೆದುಕೊಳ್ಳುತ್ತವೆ. ಹಾಗೆ ಎಲ್ಲರಿಗೂ ಬಡಿಸುವ ಪೆಟ್ಟಿಗೆಗೇ ಸರ್ವರ್ ಎನ್ನುವುದು. "ಎಲ್ಲಾ ಸರ್ಕಾರದವರ ಹತ್ರ ಐತಿ, ನಮಗ್ಯಾಕ ಚಿಂತಿ" ಎಂದು ಕೆಲವು ನಿರ್ದೇಶಕರು ಹೇಳುವುದನ್ನು ಕೇಳಿದ್ದೇವೆ. ಎಲ್ಲಾ ಇಲ್ಲ. ಊರಿಗೆ ಹೋದ ಮೇಲೆ ನಿಮ್ಮ ಕಾರ್ಯದರ್ಶಿಯನ್ನು ಕೇಳಿ ನೋಡಿರಿ, ಯಾವುದು ಅಲ್ಲಿದೆ, ಯಾವುದು ಇಲ್ಲಿದೆ ಎಂದು.

ನಮ್ಮ ಪೆಟ್ಟಿಗೆಯಲ್ಲಿ ಓಡುತ್ತಿರುವುದು ಡೆಬಿಯನ್ ಎಂಬ ಲಿನಕ್ಸ್. ಲೆಕ್ಕ ಇಡುವುದಕ್ಕೆ ಮಾರಿಯಾಡಿಬಿ, ಪತ್ರ ಬರೆಯುವುದಕ್ಕೆ ಲಿಬ್ರೆಆಫೀಸ್. ಇವೆಲ್ಲ ಓಪನ್ ಸೋರ್ಸ್, ಅಂದರೆ ಮುಕ್ತ ತಂತ್ರಾಂಶಗಳು. 1991ರಲ್ಲಿ ಫಿನ್ಲೆಂಡ್ ದೇಶದ ಲಿನಸ್ ಟೋರ್ವಾಲ್ಡ್ಸ್ ಎಂಬ ಕಾಲೇಜು ಹುಡುಗ ಲಿನಕ್ಸ್ ಆರಂಭಿಸಿದ. ಡೆಬಿಯನ್ 1993ರಲ್ಲಿ ಶುರುವಾಯಿತು. ಜಗತ್ತಿನ ಬೇರೆ ಬೇರೆ ದೇಶದ ಜನ ಕೂಡಿ ಕಟ್ಟುವುದರಿಂದ ಅದೂ ಒಂದು ತರಹದ ಸಹಕಾರವೇ ಅನ್ನಿರಿ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಬಡಿಗೇರು ಮಾಡಿಕೊಟ್ಟ ಕೂರಿಗೆ ಇದ್ದಂತೆ. ಬಟ್ಟಲು ಎಲ್ಲಿದೆ, ತಾಳು ಹೇಗೆ ಕೂಡಿದೆ ಎಂದು ಯಾರು ಬೇಕಾದರೂ ನೋಡಬಹುದು, ಬಲ್ಲವರು ಬಿಚ್ಚಿ ರಿಪೇರಿ ಮಾಡಬಹುದು, ನೋಡಿಕೊಂಡು ಇನ್ನೊಂದು ಮಾಡಬಹುದು. ಕಂಪನಿಯ ತಂತ್ರಾಂಶ ಕಂಪನಿಯ ಬೀಜದ ಹಾಗೆ, ಪ್ರತಿ ವರ್ಷ ಅವರ ಅಂಗಡಿಗೇ ಹೋಗಬೇಕು. ಕಳ್ಳ ಪ್ರತಿ ಹಾಕಿಸಿಕೊಂಡರಂತೂ ಅದು ಕಳ್ಳ ಬೀಜ. ಯಾವಾಗ ಕೈಕೊಡುತ್ತದೋ ಹೇಳಲಾಗುವುದಿಲ್ಲ.

ಆದರೆ ಪುಕ್ಕಟೆ ಸಿಕ್ಕಿತು ಅಂದ ಕೂಡಲೇ ಜನ ಇನ್ನೊಂದು ಭ್ರಮೆಗೆ ಬೀಳುತ್ತಾರೆ. "ಲಿನಕ್ಸ್‌ಗೆ ವೈರಸ್ ಬರಂಗಿಲ್ಲ, ಒಮ್ಮೆ ಹಾಕಿದ್ರ ಮುಗೀತು" ಎಂದು ಹಾಕಿಕೊಟ್ಟ ಹುಡುಗರೇ ಹೇಳಿ ಹೋಗುತ್ತಾರೆ. ಮುಗಿಯುವುದಿಲ್ಲ ಸ್ವಾಮಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ನಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. 32 ಗೇಟು ಗಟ್ಟಿಯಾಗಿದ್ದವು. ಆದರೂ ತುಂಬಿದ ಕೆರೆಯ ನೀರು ಹೊಳೆಗೆ ಹೋಗುವುದನ್ನು ಸಿಂಧನೂರಿನಿಂದ ಕೊನೆಭಾಗದವರೆಗಿನ ರೈತರು ಎದೆ ಮೇಲೆ ಕೈ ಇಟ್ಟುಕೊಂಡು ನೋಡಿದೆವು. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಬೆಳೆ ಉಳಿಸಿದರು. ಅಂಥಾ ಕಟ್ಟೆ, ಒಂದು ಸರಪಳಿ. ನಮ್ಮ ಪೆಟ್ಟಿಗೆಯೂ ಹಾಗೆಯೇ. ಡೆಬಿಯನ್ ಎಷ್ಟೇ ಗಟ್ಟಿ ಇರಲಿ, ಎರಡು ಸಾವಿರ ರೂಪಾಯಿಯ ಬ್ಯಾಟರಿ ಸತ್ತರೆ ಲೆಕ್ಕ ಹೋಗುತ್ತದೆ.

ಅದಕ್ಕೇ ಕರೆಂಟಿನಿಂದ ಶುರು ಮಾಡುತ್ತೇವೆ. ಶಕ್ತಿನಗರದಲ್ಲಿ ಕರೆಂಟು ತಯಾರಾಗುವ ಜಿಲ್ಲೆ ನಮ್ಮದು. ದೀಪದ ಬುಡದಲ್ಲಿ ಕತ್ತಲೆ ಎಂಬುದು ನಿಮಗೆಲ್ಲ ಗೊತ್ತಿದ್ದದ್ದೇ. ಕರೆಂಟು ಹೋಗುವುದು ದೊಡ್ಡ ಮಾತಲ್ಲ. ಲೆಕ್ಕ ಬರೆಯುತ್ತಿರುವಾಗ ಅರ್ಧಕ್ಕೆ ಹೋಗುವುದು ದೊಡ್ಡ ಮಾತು. ಯುಪಿಎಸ್ ಇದೆಯಲ್ಲ ಎನ್ನುತ್ತೀರಿ. ಯುಪಿಎಸ್ ಹತ್ತು ನಿಮಿಷ ತಡೆಯುತ್ತದೆ, ಆಮೇಲೆ ಅದೂ ಹೋಗುತ್ತದೆ, ಪೆಟ್ಟಿಗೆಯೂ ದಪ್ಪನೆ ಬೀಳುತ್ತದೆ. ಆದ್ದರಿಂದ ಯುಪಿಎಸ್ ಕೊಳ್ಳುವಾಗ ಹಿಂದೆ ಯುಎಸ್‌ಬಿ ತೂತು ಇದ್ದದ್ದನ್ನೇ ಕೊಳ್ಳಿರಿ. ಆ ವೈರನ್ನು ಸರ್ವರ್‌ಗೆ ಹಾಕಿ ನಟ್ ಎಂಬ ಪುಕ್ಕಟೆ ತಂತ್ರಾಂಶ ಕೂಡಿಸಿದರೆ, ಬ್ಯಾಟರಿ ಇಳಿಯುತ್ತಿದೆ ಎಂದು ಯುಪಿಎಸ್ ತಾನೇ ಹೇಳುತ್ತದೆ, ಸರ್ವರ್ ಲೆಕ್ಕ ಮುಚ್ಚಿಟ್ಟು ತಾನೇ ಮಲಗುತ್ತದೆ. ಗುಮಾಸ್ತ ಚಹಾ ಕುಡಿಯಲು ಹೋಗಿದ್ದರೂ ನಡೆಯುತ್ತದೆ. ಬ್ಯಾಟರಿಯನ್ನು ಎರಡು ಮೂರು ವರ್ಷಕ್ಕೆ ಬದಲಿಸಿರಿ, ಸಾಯುವವರೆಗೆ ಕಾಯಬೇಡಿರಿ. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ಒಂದು ಕೊಡ ನೀರು ಹಾಕಿಸಿರಿ. ಇದಕ್ಕೆ ಕಂಪ್ಯೂಟರ್ ಓದಬೇಕಾಗಿಲ್ಲ.

ಧೂಳು ಮತ್ತು ಸೆಕೆ ಎರಡನೆಯದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುವ ಬಿಸಿಲು. ಗೊಬ್ಬರದ ಗೋದಾಮಿನ ಗೋಡೆಗೆ ಹತ್ತಿದ ಕೋಣೆಯಲ್ಲಿ ಪೆಟ್ಟಿಗೆ ಇಡಬೇಡಿರಿ, ಯೂರಿಯಾದ ಗಾಳಿಗೆ ತಂತಿ ಹಸಿರುಗಟ್ಟುತ್ತದೆ. ಎರಡು ತಿಂಗಳಿಗೊಮ್ಮೆ ಪೆಟ್ಟಿಗೆ ಬಂದ್ ಮಾಡಿ, ವೈರು ಕಿತ್ತು, ಹೊರಗೆ ಒಯ್ದು ಬ್ಲೋವರ್‌ನಿಂದ ಧೂಳು ಊದಿಸಿರಿ. ಪೂಜೆಯ ಕುಂಕುಮ, ಅರಿಷಿಣ ಪೆಟ್ಟಿಗೆಯ ಮುಖಕ್ಕೆ ಹಚ್ಚಿರಿ, ಜಾಲರಿಗೆ ಹಚ್ಚಬೇಡಿರಿ. ಆಯುಧಪೂಜೆಯ ಮರುದಿನ ಫ್ಯಾನ್ ನಿಂತ ಪೆಟ್ಟಿಗೆಗಳನ್ನು ನಾವು ಕಂಡಿದ್ದೇವೆ.

ಈಗ ಮುಖ್ಯ ಮಾತು, ಬ್ಯಾಕಪ್. ಅಂದರೆ ನಕಲು ಪ್ರತಿ.

ನಮ್ಮ ಸುತ್ತಿನ ಒಂದು ಊರು, ಹೆಸರು ಬೇಡ. ಅಲ್ಲಿಯ ಸಂಘದಲ್ಲಿ ಒಂದು ಮೇ ತಿಂಗಳಲ್ಲಿ ಹಾರ್ಡ್‌ಡಿಸ್ಕ್ ನಿಂತುಹೋಯಿತು. ಬ್ಯಾಕಪ್ ಇತ್ತೇ ಎಂದರೆ ಇತ್ತು. ಎಲ್ಲಿ ಇತ್ತು ಎಂದರೆ ಅದೇ ಡಿಸ್ಕಿನ ಇನ್ನೊಂದು ಭಾಗದಲ್ಲಿ. ಮನೆಗೆ ಬೆಂಕಿ ಬಿದ್ದರೆ ಅಡುಗೆಮನೆಯಲ್ಲಿಟ್ಟ ಬೀಜವೂ ಪಡಸಾಲೆಯಲ್ಲಿಟ್ಟ ಬೀಜವೂ ಕೂಡಿಯೇ ಸುಡುತ್ತವೆ. ಆ ಊರಿನ ಒಬ್ಬ ತಾಯಿ, ಗಂಡ ತೀರಿಕೊಂಡವರು, ಮೂರು ಎಕರೆ ಹೊಲ. ಹಿಂದಿನ ಸಾಲವನ್ನು ಕಂತಿನ ಮೇಲೆ ಕಂತು ಕಟ್ಟಿ ಮುಗಿಸಿದ್ದರು. ಮುಂಗಾರಿನ ಸಾಲಕ್ಕೆ ಬೇಬಾಕಿ ಪತ್ರ ಬೇಕಾಗಿತ್ತು. ಸಂಘದವರು ಅಳಿದುಳಿದ ಹಳೆಯ ಪಟ್ಟಿ ನೋಡಿ "ನಿಮ್ಮದು ಬಾಕಿ ಐತಿ ಯವ್ವಾ" ಎಂದರು. ಆ ತಾಯಿ ರಸೀದಿಗಳನ್ನೆಲ್ಲ ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟಿದ್ದರು, ತಂದು ಮೇಜಿನ ಮೇಲೆ ಹರವಿದರು. ಎಲ್ಲ ಬಿಳಿ ಹಾಳೆ. ಸಣ್ಣ ಮಿಷನ್‌ನಲ್ಲಿ ಸೆಕೆ ಕೊಟ್ಟು ಅಚ್ಚು ಹಾಕುವ ಆ ಥರ್ಮಲ್ ಕಾಗದದ ಅಕ್ಷರ ನಮ್ಮ ಬೇಸಿಗೆಗೆ ಅಳಿಸಿಹೋಗಿತ್ತು. "ಯಪ್ಪಾ, ನಾ ಓದಾಕ ಬಾರದಾಕಿ, ಇದರಾಗ ಅಕ್ಷರ ಇಲ್ಲಂತ ನನಗ ಹ್ಯಾಂಗ ಗೊತ್ತಾಗಬೇಕು" ಎಂದು ಆ ತಾಯಿ ಕೇಳಿದರು. ಅಲ್ಲಿದ್ದವರು ಯಾರೂ ತಲೆ ಎತ್ತಲಿಲ್ಲ.

ನಾಲ್ಕು ತಿಂಗಳ ಮೇಲೆ ಗೋದಾಮಿನ ಒಂದು ಚೀಲದಲ್ಲಿ ಚಲನ್‌ಗಳ ಅರ್ಧಪ್ರತಿ ಸಿಕ್ಕು ಲೆಕ್ಕ ಸರಿಹೋಯಿತು. ಅಷ್ಟರಲ್ಲಿ ಬಿತ್ತನೆಯ ಹದ ಹೋಗಿತ್ತು. ಬೀಜ, ಗೊಬ್ಬರಕ್ಕೆ ಆ ತಾಯಿ ಖಾಸಗಿಯಾಗಿ ಮೂರು ರೂಪಾಯಿ ಬಡ್ಡಿಯ ಮೇಲೆ ದುಡ್ಡು ತಂದಿದ್ದರು. ಸರ್ಕಾರದ ಶೂನ್ಯ ಬಡ್ಡಿ ಸಾಲ ಸಿಗಬೇಕಾದವರು. ಇದರಲ್ಲಿ ಕದ್ದವರು ಯಾರೂ ಇಲ್ಲ. ಹಣ ತಿಂದವರೂ ಇಲ್ಲ. ಒಂದು ನಕಲು ಪ್ರತಿ ಇರಬೇಕಾದ ಜಾಗದಲ್ಲಿ ಇರಲಿಲ್ಲ, ಅಷ್ಟೇ. ಅಲ್ಲಿಂದೀಚೆಗೆ ನಮ್ಮ ಸಂಘದಲ್ಲಿ ಸಾಲದ ಕಂತಿಗೆ ಥರ್ಮಲ್ ರಸೀದಿ ಕೊಡುವುದನ್ನು ಬಂದ್ ಮಾಡಿದ್ದೇವೆ. ಪಾಸ್‌ಬುಕ್ಕಿನಲ್ಲಿ ಶಾಯಿಯಿಂದ ಬರೆದು ಸಹಿ ಹಾಕುತ್ತೇವೆ. ಹುಡುಗರು ನಗುತ್ತಾರೆ, ನಗಲಿ.

ಪ್ರತಿ ಎಷ್ಟಿರಬೇಕು, ಎಲ್ಲಿರಬೇಕು? ಮಸ್ಕಿಯವರು ಇಲ್ಲಿದ್ದೀರಿ, ಉತ್ತರ ನಿಮ್ಮೂರ ಗುಡ್ಡದಲ್ಲೇ ಇದೆ. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರು ಮಸ್ಕಿಯಲ್ಲಿ ಅಶೋಕನ ಶಾಸನ ಕಂಡರು. ಅದುವರೆಗೆ ಸಿಕ್ಕ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂದಷ್ಟೇ ಇತ್ತು, ಆ ದೊರೆ ಅಶೋಕನೇ ಎಂದು ಹೆಸರಿನ ಸಮೇತ ಖಚಿತವಾದದ್ದು ಮಸ್ಕಿಯಿಂದ. ಅದೇ ಸಂದೇಶವನ್ನು ಕೊಪ್ಪಳದ ಗವಿಮಠದಲ್ಲಿ, ಪಾಲ್ಕಿಗುಂಡಿನಲ್ಲಿ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ, ಸಿದ್ದಾಪುರದಲ್ಲಿ, ಜಟಿಂಗ ರಾಮೇಶ್ವರದಲ್ಲಿ ಬೇರೆ ಬೇರೆ ಬಂಡೆಗೆ ಕೊರೆಸಿದ್ದಾನೆ. ಒಂದು ಬಂಡೆಯಲ್ಲಿ ಸವೆದ ಅಕ್ಷರವನ್ನು ಇನ್ನೊಂದು ಬಂಡೆ ನೋಡಿ ಪಂಡಿತರು ಓದುತ್ತಾರೆ. ಒಂದೇ ಬಂಡೆಯ ಮೇಲೆ ಹತ್ತು ಸಲ ಕೊರೆಸಿದ್ದರೆ ಏನು ಉಪಯೋಗವಿತ್ತು?

ಹಾಗೆಯೇ ನಮ್ಮ ಲೆಕ್ಕದ ಪ್ರತಿ ಮೂರು ಇರಬೇಕು. ಒಂದು ಸರ್ವರ್‌ನಲ್ಲಿ. ಎರಡನೆಯದು ಹೊರಗಿನ ಡಿಸ್ಕಿನಲ್ಲಿ. ಮೂರನೆಯದು ಸಂಘದ ಕಟ್ಟಡದಲ್ಲೇ ಇರಬಾರದು. ನಾವು ಎರಡು ಡಿಸ್ಕು ಇಟ್ಟಿದ್ದೇವೆ, ಒಂದಕ್ಕೆ ಕೆಂಪು ಪಟ್ಟಿ, ಒಂದಕ್ಕೆ ಹಸಿರು. ಕೆಂಪು ಕಚೇರಿಯ ತಿಜೋರಿಯಲ್ಲಿದ್ದಾಗ ಹಸಿರು ಪಕ್ಕದ ಊರಿನ ನಿರ್ದೇಶಕರ ಮನೆಯ ಅಲಮಾರಿಯಲ್ಲಿ. ಪ್ರತಿ ಸೋಮವಾರ ಅದಲು ಬದಲು. ಡಿಸ್ಕಿಗೆ ಪಾಸ್‌ವರ್ಡ್ ಹಾಕಿ ಗೂಢಲಿಪಿ ಮಾಡಿಸಿದ್ದೇವೆ, ದಾರಿಯಲ್ಲಿ ಕಳೆದರೂ ಸದಸ್ಯರ ಲೆಕ್ಕವನ್ನು ಯಾರೂ ಓದಲಾರರು. ಪ್ರತಿ ತೆಗೆದ ಕೂಡಲೇ ವೈರು ಕೀಳಬೇಕು. ಯಾಕಂದ್ರ ಈಗಿನ ಕಳ್ಳರು ಲೆಕ್ಕವನ್ನು ಕದಿಯುವುದಿಲ್ಲ, ಬೀಗ ಹಾಕಿ ಬೀಗದ ಕೈಗೆ ದುಡ್ಡು ಕೇಳುತ್ತಾರೆ. ಚುಚ್ಚಿಟ್ಟ ಡಿಸ್ಕಿಗೂ ಬೀಗ ಬೀಳುತ್ತದೆ. 2024ರ ಜುಲೈ ಕೊನೆಯಲ್ಲಿ ಸಹಕಾರ ಬ್ಯಾಂಕು ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ಸೇವೆ ಕೊಡುವ ಒಂದು ಕಂಪನಿಯ ಮೇಲೆ ಇಂಥದೇ ದಾಳಿಯಾಗಿ, ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಹಣ ಕಳಿಸುವ ವ್ಯವಸ್ಥೆ ನಿಂತಿತ್ತು. ದೊಡ್ಡವರನ್ನು ಬಿಟ್ಟು ಸಣ್ಣವರ ಹತ್ತಿರ ಯಾರು ಬರ್ತಾರ ಎಂಬ ಮಾತನ್ನು ಇನ್ನು ಬಿಡಬೇಕು.

ಪ್ರತಿ ತೆಗೆಯುವ ರೀತಿಯಲ್ಲಿ ಎರಡು ಸೂಕ್ಷ್ಮ ಇವೆ, ಸಿಬ್ಬಂದಿ ಬರೆದುಕೊಳ್ಳಿರಿ. ಮೊದಲನೆಯದು, ಮಾರಿಯಾಡಿಬಿ ಓಡುತ್ತಿರುವಾಗ ಅದರ ಕಡತಗಳನ್ನು ಹಾಗೆಯೇ ನಕಲು ಮಾಡಿದರೆ ಆ ಪ್ರತಿ ನಂಬುವಂಥದಲ್ಲ. ಓಡುವ ಎತ್ತಿನ ಫೋಟೋ ಹಿಡಿದ ಹಾಗೆ ಅರ್ಧ ಕಾಲು ಮೇಲೆ, ಅರ್ಧ ಕಾಲು ಕೆಳಗೆ. ಅದಕ್ಕಾಗಿಯೇ ಇರುವ ಡಂಪ್ ಎಂಬ ಆಜ್ಞೆಯಿಂದಲೇ ತೆಗೆಯಬೇಕು. ಎರಡನೆಯದು, ನಮಗೆ ಪೆಟ್ಟಿಗೆ ಹಾಕಿಕೊಟ್ಟ ಹುಡುಗ ಪಟ್ಟಣದ ಪದ್ಧತಿಯಂತೆ ರಾತ್ರಿ 2 ಗಂಟೆಗೆ ತಾನಾಗಿಯೇ ಪ್ರತಿ ಆಗುವಂತೆ ಕ್ರಾನ್ ಎಂಬುದರಲ್ಲಿ ಬರೆದಿಟ್ಟ. ಪಟ್ಟಣದಲ್ಲಿ ಸರ್ವರ್ ರಾತ್ರಿಯೂ ಎದ್ದಿರುತ್ತದೆ. ಹಳ್ಳಿಯಲ್ಲಿ ಸಂಜೆ ಆರಕ್ಕೆ ಜವಾನ ಮೇನ್ ಸ್ವಿಚ್ ತೆಗೆದು ಬೀಗ ಹಾಕುತ್ತಾನೆ. ಮಲಗಿದವನಿಗೆ 2 ಗಂಟೆಗೆ ಕೆಲಸ ಹೇಳಿದರೆ ಮಾಡುತ್ತಾನೆಯೇ? ಕ್ರಾನ್ ಬದಲು ಅನಾಕ್ರಾನ್ ಎಂಬುದು ಇದೆ. ಅದು ತಪ್ಪಿದ ಕೆಲಸವನ್ನು ಬೆಳಿಗ್ಗೆ ಎದ್ದ ಮೇಲೆ ನೆನಪಿಟ್ಟು ಮಾಡುತ್ತದೆ. ಇಲ್ಲವೇ ಸಂಜೆ 5 ಗಂಟೆಗೆ, ಕಿರ್ದಿ ಮುಚ್ಚಿದ ಮೇಲೆ ಇಟ್ಟುಕೊಳ್ಳಿರಿ. ನಮ್ಮ ಸಂಘದಲ್ಲಿ 5.15.

ಪ್ರತಿ ತೆಗೆದರೆ ಸಾಲದು, ಅದು ಮೊಳೆಯುತ್ತದೋ ಇಲ್ಲವೋ ನೋಡಬೇಕು. ಬಿತ್ತುವ ಮುಂಚೆ ನೂರು ಕಾಳು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ ಎಷ್ಟು ಮೊಳಕೆ ಬಂತು ಎಂದು ಎಣಿಸುವುದಿಲ್ಲವೇ? ತಿಂಗಳಿಗೊಮ್ಮೆ, ಎರಡನೇ ಶನಿವಾರ, ಮೂಲೆಗೆ ಬಿದ್ದ ಒಂದು ಹಳೆಯ ಕಂಪ್ಯೂಟರ್‌ನಲ್ಲಿ ಡಿಸ್ಕಿನ ಪ್ರತಿಯನ್ನು ಬಿಚ್ಚಿ ಕೂಡಿಸುತ್ತೇವೆ. ಸದಸ್ಯರ ಸಂಖ್ಯೆ ಸರಿ ಇದೆಯೇ, ಷೇರು ಹಣದ ಒಟ್ಟು ಮೊತ್ತ ತಾಳೆಪಟ್ಟಿಗೆ ಕೂಡುತ್ತದೆಯೇ, ಯಾವುದಾದರೂ ಐದು ಜನ ಸದಸ್ಯರ ಪಾಸ್‌ಬುಕ್ ತರಿಸಿ ಬಾಕಿ ಸರಿ ಇದೆಯೇ, ಇಷ್ಟು ನೋಡಿ ಸಹಿ ಹಾಕುತ್ತೇವೆ. ಒಂದೂವರೆ ತಾಸಿನ ಕೆಲಸ. ಹೀಗೆ ಬಿಚ್ಚಿ ನೋಡದ ಬ್ಯಾಕಪ್ಪನ್ನು ನಮ್ಮ ಸಂಘದಲ್ಲಿ ಬ್ಯಾಕಪ್ ಎಂದು ಕರೆಯುವುದಿಲ್ಲ.

ಮುಂದೆ ಹೂಳಿನ ವಿಚಾರ. ತುಂಗಭದ್ರೆ ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ 105.788ಕ್ಕೆ ಬಂದಿದೆ. ಸರ್ವರ್‌ನಲ್ಲಿಯೂ ಹೂಳು ತುಂಬುತ್ತದೆ. ಯಾರು ಯಾವಾಗ ಬಂದರು, ಏನು ಮಾಡಿದರು ಎಂದು ಅದು ದಿನವಿಡೀ ಡೈರಿ ಬರೆಯುತ್ತದೆ, ಅದಕ್ಕೆ ಲಾಗ್ ಎನ್ನುತ್ತಾರೆ. ಡಿಸ್ಕು ತುಂಬಿದ ದಿನ ಲೆಕ್ಕ ಬರೆಯುವುದು ನಿಂತುಹೋಗುತ್ತದೆ. ಅದು ನಿಲ್ಲುವುದೂ ಸರಿಯಾಗಿ ಗೊಬ್ಬರ ಬಂದ ದಿನ, ಹೊರಗೆ ಇನ್ನೂರು ಜನ ಪಾಳಿ ಹಚ್ಚಿದಾಗ. ಡಿಎಫ್ ಎಂಬ ಎರಡಕ್ಷರದ ಆಜ್ಞೆ ಕೊಟ್ಟರೆ ಎಷ್ಟು ತುಂಬಿದೆ ಎಂದು ನೂರರ ಲೆಕ್ಕದಲ್ಲಿ ತೋರಿಸುತ್ತದೆ. ಸೋಮವಾರ ಸೋಮವಾರ ನೋಡಿ ಬರೆದಿಡಿರಿ, 80 ದಾಟಿದರೆ ಹಳೆಯ ಡೈರಿ ತೆಗೆಸಿರಿ. ಲಾಗ್‌ರೊಟೇಟ್ ಎಂಬುದು ಇದನ್ನು ತಾನೇ ಮಾಡುತ್ತದೆ, ಆದರೆ ಮಾಡುತ್ತಿದೆಯೇ ಎಂದು ನೋಡುವವರು ಬೇಕು. ಡಿಸ್ಕಿನ ನಾಡಿ ಹಿಡಿಯುವುದಕ್ಕೆ ಸ್ಮಾರ್ಟ್‌ಸಿಟಿಎಲ್ ಎಂಬ ಇನ್ನೊಂದು ಆಜ್ಞೆ ಇದೆ. ಸಾಯುವ ಡಿಸ್ಕುಗಳಲ್ಲಿ ಎಷ್ಟೋ ಮುಂಚಿತವಾಗಿ ನರಳುತ್ತವೆ. ಎಲ್ಲವೂ ಅಲ್ಲ, ಕೆಲವು ಸದ್ದಿಲ್ಲದೆ ಹೋಗುತ್ತವೆ, ಅದಕ್ಕೇ ಪ್ರತಿ ಬೇಕೆಂದದ್ದು.

ಗಡಿಯಾರದ ಮಾತನ್ನು ಯಾರೂ ಹೇಳುವುದಿಲ್ಲ. ಪೆಟ್ಟಿಗೆಯ ಒಳಗೆ ರೂಪಾಯಿ ಬಿಲ್ಲೆಯಂಥ ಸಣ್ಣ ಬ್ಯಾಟರಿ ಇರುತ್ತದೆ. ಅದು ಸತ್ತರೆ, ರಾತ್ರಿ ಕರೆಂಟು ತೆಗೆದ ಪೆಟ್ಟಿಗೆ ಬೆಳಿಗ್ಗೆ ಹಳೆಯ ಯಾವುದೋ ವರ್ಷದಲ್ಲಿ ಏಳುತ್ತದೆ. ಗಡುವಿನೊಳಗೆ ಸಾಲ ಕಟ್ಟಿದವರಿಗೆ ಶೂನ್ಯ ಬಡ್ಡಿ, ಗಡುವು ದಾಟಿದವರಿಗೆ ಬಡ್ಡಿ. ಹಾಗಿರುವಾಗ ರಸೀದಿಯ ತಾರೀಖು ತಪ್ಪಿದರೆ ರೈತನಿಗೆ ಲುಕ್ಸಾನು, ಲೆಕ್ಕಪರಿಶೋಧಕರು ಬಂದಾಗ ಕಾರ್ಯದರ್ಶಿಗೆ ತಲೆನೋವು. ನೂರು ರೂಪಾಯಿಯೊಳಗಿನ ಬ್ಯಾಟರಿ. ಜೊತೆಗೆ ಇಂಟರ್‌ನೆಟ್ ಇದ್ದಾಗ ವೇಳೆ ತಾನೇ ಸರಿಮಾಡಿಕೊಳ್ಳುವ ಎನ್‌ಟಿಪಿ ಹಾಕಿಸಿರಿ.

ಬೀಗದ ಕೈ ಯಾರ ಹತ್ತಿರ? ರೂಟ್ ಎಂಬುದು ತಿಜೋರಿಯ ಕೈ ಇದ್ದಂತೆ, ಅದನ್ನು ಹಿಡಿದವರು ಏನು ಬೇಕಾದರೂ ಅಳಿಸಬಹುದು. ಎಷ್ಟೋ ಕಡೆ ರೂಟ್ ಪಾಸ್‌ವರ್ಡನ್ನು ಪರದೆಯ ಕೆಳಗೆ ಚೀಟಿ ಬರೆದು ಅಂಟಿಸಿರುತ್ತಾರೆ, ಸಂಘದ ಹೆಸರು ಮತ್ತು 123. ಕಾರ್ಯದರ್ಶಿಗೆ ಬೇರೆ, ಗುಮಾಸ್ತರಿಗೆ ಬೇರೆ, ಗೊಬ್ಬರ ಮಾರುವ ಹುಡುಗನಿಗೆ ಬೇರೆ ಹೆಸರು ಮಾಡಿಸಿರಿ. ದೊಡ್ಡ ಕೆಲಸ ಬೇಕಾದಾಗ ಸುಡೋ ಎಂಬುದರಿಂದ ಆ ಹೊತ್ತಿಗಷ್ಟೇ ಅಧಿಕಾರ ತೆಗೆದುಕೊಳ್ಳಬಹುದು, ಯಾರು ತೆಗೆದುಕೊಂಡರು ಎಂಬುದು ಡೈರಿಯಲ್ಲಿ ಉಳಿಯುತ್ತದೆ. ಇದು ನಂಬಿಕೆ ಇಲ್ಲ ಎಂದಲ್ಲ. ನಾಳೆ 64ನೇ ಕಲಮಿನ ವಿಚಾರಣೆ ಬಂದರೆ ಪ್ರಾಮಾಣಿಕ ಗುಮಾಸ್ತನನ್ನು ಕಾಯುವುದು ಇದೇ ಡೈರಿ. ರೂಟ್ ಪಾಸ್‌ವರ್ಡನ್ನು ನಾವು ಲಕೋಟೆಯಲ್ಲಿ ಹಾಕಿ, ಅರಗು ಒತ್ತಿ, ಅಧ್ಯಕ್ಷರ ಮತ್ತು ಕಾರ್ಯದರ್ಶಿಯ ಸಹಿಯೊಂದಿಗೆ ತಿಜೋರಿಯಲ್ಲಿ ಇಟ್ಟಿದ್ದೇವೆ. ಕಾರ್ಯದರ್ಶಿ ಬದಲಾದ ದಿನ ಚಾರ್ಜು ಕೊಡುವ ಪಟ್ಟಿಯಲ್ಲಿ ಈ ಲಕೋಟೆಯೂ ಒಂದು ಬಾಬು. ಹಳೆಯದು ಹರಿದು ಹೊಸದು. ಹೊರಗಿನಿಂದ ರಿಪೇರಿಗೆ ಬರುವ ಹುಡುಗನಿಗೆ ದಾರಿ ಬಿಡುವಾಗಲೂ ಪಾಸ್‌ವರ್ಡ್ ಬದಲು ಎಸ್‌ಎಸ್‌ಎಚ್ ಕೀ ಕೊಡಿರಿ, ಕೆಲಸ ಮುಗಿದ ಮೇಲೆ ತೆಗೆಯಿರಿ.

ತಂತ್ರಾಂಶದ ಅಪ್‌ಡೇಟ್ ವಿಷಯದಲ್ಲಿ ಎರಡು ಪಂಗಡ ಇವೆ. ಒಂದು, "ನಡೆಯೋ ಎತ್ತಿಗೆ ಯಾಕ ಹೊಡೀಬೇಕು" ಎಂದು ಎಂದೂ ಮಾಡದವರು. ಇನ್ನೊಂದು, ಮೊಬೈಲಿನಂತೆ ಬಂದದ್ದೆಲ್ಲ ಒತ್ತುವವರು. ಎರಡೂ ಸಲ್ಲ. ಡೆಬಿಯನ್‌ನ ಒಂದು ಆವೃತ್ತಿಗೆ ಮೂರು ವರ್ಷ ಪೂರ್ಣ ಆರೈಕೆ, ಆಮೇಲೆ ಎರಡು ವರ್ಷ ಮುಖ್ಯ ಭದ್ರತೆಯ ಆರೈಕೆ ಸಿಗುತ್ತದೆ. 12ನೇ ಆವೃತ್ತಿ 2023ರ ಜೂನ್‌ನಲ್ಲಿ ಬಂತು, 13ನೆಯದು 2025ರ ಆಗಸ್ಟ್‌ನಲ್ಲಿ. ನಿಮ್ಮದು ಎಷ್ಟನೆಯದು ಎಂದು ಕೇಳಿ ಬರೆದಿಟ್ಟುಕೊಳ್ಳಿರಿ. ಭದ್ರತೆಯ ತೇಪೆಗಳನ್ನು ವಾರಕ್ಕೊಮ್ಮೆ ಹಾಕಿರಿ. ಆವೃತ್ತಿಯನ್ನೇ ಬದಲಿಸುವುದನ್ನು ಮಾರ್ಚ್ ತಿಂಗಳಲ್ಲಿ ಮಾತ್ರ ಮಾಡಬೇಡಿರಿ, ವರ್ಷದ ಲೆಕ್ಕ ಮುಚ್ಚುವ ಕಾಲ. ನಾವು ಜನವರಿಯಲ್ಲಿ, ಮೊದಲು ಹಳೆಯ ಕಂಪ್ಯೂಟರ್‌ನಲ್ಲಿ ಪ್ರಯೋಗ ಮಾಡಿ, ಆಮೇಲೆ ನಿಜವಾದದ್ದಕ್ಕೆ ಕೈ ಹಾಕುತ್ತೇವೆ.

ಇಲ್ಲಿ ಒಂದು ಕಥೆ, ನಿಜವಾದದ್ದು. ಎಕ್ಸ್‌ಝಡ್ ಎಂಬ ಒಂದು ಸಣ್ಣ ಮುಕ್ತ ತಂತ್ರಾಂಶ, ಕಡತಗಳನ್ನು ಒತ್ತಿ ಚಿಕ್ಕದು ಮಾಡುವಂಥದು. ಅದನ್ನು ನೋಡಿಕೊಳ್ಳುತ್ತಿದ್ದವರು ಬಹುಮಟ್ಟಿಗೆ ಒಬ್ಬರೇ, ಸಂಬಳವಿಲ್ಲದೆ, ದಣಿದಿದ್ದರು. ಜಿಯಾ ಟಾನ್ ಎಂಬ ಹೆಸರಿನಲ್ಲಿ ಯಾರೋ ಬಂದು ಎರಡು ವರ್ಷಕ್ಕೂ ಮೇಲೆ ಸಹಾಯ ಮಾಡಿ ನಂಬಿಕೆ ಗಳಿಸಿ, ಕೊನೆಗೆ ಅದರೊಳಗೆ ಕಳ್ಳಕಿಂಡಿ ಇಟ್ಟರು. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್ ತನ್ನ ಪೆಟ್ಟಿಗೆಗೆ ದೂರದಿಂದ ಒಳಬರಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನು ಹತ್ತಿ ಹುಡುಕಿ ಕಳ್ಳತನ ಹಿಡಿದರು. ಅಷ್ಟರಲ್ಲಿ ಅದು ಪ್ರಯೋಗದ ಆವೃತ್ತಿಗಳಿಗೆ ಬಂದಿತ್ತು, ಡೆಬಿಯನ್‌ನ ಸ್ಥಿರ ಆವೃತ್ತಿಗೆ ಬಂದಿರಲಿಲ್ಲ. ಅರ್ಧ ಸೆಕೆಂಡು! ನಮ್ಮಲ್ಲಿ ಪೆಟ್ಟಿಗೆ ಅರ್ಧ ತಾಸು ತಡಮಾಡಿದರೂ "ಇವತ್ತು ನೆಟ್ ಸ್ಲೋ ಐತಿ" ಎಂದು ಬೀಡಿ ಹಚ್ಚುತ್ತಾರೆ. ಸಿಬ್ಬಂದಿ ಬೇಜಾರು ಮಾಡಿಕೊಳ್ಳಬಾರದು. ಹೊಲದಲ್ಲಿ ಒಂದು ಎಲೆ ಹಳದಿ ಆದರೆ ನಾವು ನಿಂತು ನೋಡುತ್ತೇವೆ, ಪೆಟ್ಟಿಗೆಯ ವಿಷಯದಲ್ಲಿಯೂ ಅದೇ ಕಣ್ಣು ಬೇಕು.

ಹಳೆಯ ಸದಸ್ಯರ ಪಟ್ಟಿಯನ್ನು ಹಿಂದೆ ನುಡಿಯ ಹಳೆಯ ಅಕ್ಷರಗಳಲ್ಲಿ ಬೆರಳಚ್ಚು ಮಾಡಿಸಿದ ಸಂಘಗಳಿಗೆ ಒಂದು ಮಾತು. ಲಿನಕ್ಸ್‌ಗೆ ತಂದಾಗ ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರದ ಕಸದಂತೆ ಕಾಣುತ್ತವೆ. ಹೆದರಬೇಡಿರಿ, ಯೂನಿಕೋಡ್‌ಗೆ ಬದಲಿಸುವ ತಂತ್ರಾಂಶಗಳಿವೆ. ಆದರೆ ಒತ್ತಕ್ಷರ, ಅರ್ಕಾವೊತ್ತು ಅಲ್ಲಲ್ಲಿ ಜಾರುತ್ತವೆ. ಬದಲಿಸಿದ ಪಟ್ಟಿಯನ್ನು ಮೂಲ ಪುಸ್ತಕದ ಮುಂದಿಟ್ಟು ಒಬ್ಬರು ಓದಬೇಕು, ಒಬ್ಬರು ನೋಡಬೇಕು. ಮೂಲ ಕಡತವನ್ನು ಅಳಿಸಬಾರದು.

ಕೊನೆಗೆ ಪುಸ್ತಕ ಮತ್ತು ದುಡ್ಡು. ಪೆಟ್ಟಿಗೆಯ ಪಕ್ಕದಲ್ಲಿ ಒಂದು ರೂಲು ಹಾಕಿದ ರಿಜಿಸ್ಟರ್ ಇಟ್ಟಿದ್ದೇವೆ. ತಾರೀಖು, ಏನು ಮಾಡಿದರು, ಯಾಕೆ, ಯಾರು, ಸಹಿ. ಕಂಪ್ಯೂಟರ್ ವಿಷಯವನ್ನು ಕಂಪ್ಯೂಟರ್‌ನಲ್ಲೇ ಬರೆದಿಟ್ಟರೆ ಅದು ಸತ್ತ ದಿನ ಓದುವುದು ಹೇಗೆ? ಪ್ರತಿ ತಿಂಗಳ ಆಡಳಿತ ಮಂಡಳಿ ಸಭೆಯಲ್ಲಿ ಈ ರಿಜಿಸ್ಟರ್ ಓದುವುದು ಮೂರನೇ ವಿಷಯ. ವರ್ಷದ ಮುಂಗಡಪತ್ರದಲ್ಲಿ ಬ್ಯಾಟರಿ, ಡಿಸ್ಕು, ಪಾಲಿಟೆಕ್ನಿಕ್ ಓದಿದ ಹುಡುಗನ ಎರಡು ಭೇಟಿ, ಇವಕ್ಕೆ ಬೇರೆ ಬಾಬು ಇಟ್ಟು ಠರಾವು ಮಾಡಿದ್ದೇವೆ. ತಂತ್ರಾಂಶಕ್ಕೆ ಉಳಿದ ದುಡ್ಡನ್ನು ಸಂರಕ್ಷಣೆಗೆ ಹಾಕಿರಿ ಎಂದು ನಾವು ಸಭೆಯಲ್ಲಿ ಜಗಳ ಮಾಡಿಯೇ ತಂದದ್ದು ಇದು. ಸರ್ವಸಾಧಾರಣ ಸಭೆಯಲ್ಲಿ ಒಬ್ಬ ಹಿರಿಯ ಸದಸ್ಯರು ಎದ್ದು, "ಕಾಣದ ಪೆಟಗಿಗೆ ಇಷ್ಟ್ಯಾಕ ಖರ್ಚು?" ಎಂದರು. ಅವರ ಖಾತೆಯ ಇಪ್ಪತ್ತು ವರ್ಷದ ಹಾಳೆಯನ್ನು ಅಲ್ಲೇ ಅಚ್ಚು ಹಾಕಿಸಿ ಕೈಗೆ ಕೊಟ್ಟೆವು. ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಮಡಚಿ ಜೇಬಿನಲ್ಲಿ ಇಟ್ಟುಕೊಂಡು ಕುಳಿತರು.

ಊಟದ ನಂತರ ಕೆಂಪು ಡಿಸ್ಕನ್ನು ಹಳೆಯ ಕಂಪ್ಯೂಟರ್‌ಗೆ ಹಾಕಿ ಪ್ರತಿ ಬಿಚ್ಚುವುದನ್ನು ನಮ್ಮ ಗುಮಾಸ್ತರು ಗೋದಾಮಿನ ಪಡಸಾಲೆಯಲ್ಲಿ ಮಾಡಿ ತೋರಿಸುತ್ತಾರೆ. ಕಾರ್ಯದರ್ಶಿಗಳಷ್ಟೇ ಅಲ್ಲ, ನಿರ್ದೇಶಕರೂ ಬರಬೇಕು. ನಿಮ್ಮ ಸಂಘದ ಡಿಸ್ಕು ತಂದವರಿದ್ದರೆ ಅದನ್ನೂ ಅಲ್ಲೇ ಬಿಚ್ಚಿ ನೋಡೋಣ.